ಇರ್ಮಾಳ ಮಣೆ

ಬೊಲೊನ್ಯ ನಗರದ ಬಸ್ಸುಗಳಲ್ಲಿ ಮೂವತ್ತೆಂಟು ವರ್ಷ ಟಿಕೆಟ್ ತಪಾಸಣೆ ಮಾಡಿದ ಅಡೆಲ್ಮೊ ತರೊಜ್ಜಿ, ನಿವೃತ್ತನಾದ ಮಾರನೆಯ ಬೆಳಿಗ್ಗೆ ಏಳು ಗಂಟೆಗೆ ಸರಿಯಾಗಿ ಸ್ವಂತ ಅಡುಗೆಮನೆಯ ತಪಾಸಣೆಗೆ ಇಳಿದ. ಉಪ್ಪಿನ ಡಬ್ಬಿಯ ಮುಚ್ಚಳ ಸಡಿಲವಾಗಿತ್ತು. ಕಾಫಿ ಪಾತ್ರೆಯ ಹಿಡಿ ಅಲ್ಲಾಡುತ್ತಿತ್ತು. ಒಂದು ಬೆಣ್ಣೆ ಪೊಟ್ಟಣ ಮುಗಿಯುವ ಮೊದಲೇ ಇನ್ನೊಂದನ್ನು ಒಡೆಯಲಾಗಿತ್ತು. ಮೂರು ತಪ್ಪನ್ನೂ ಅವನು ಹೆಂಡತಿ ಇರ್ಮಾಳ ಗಮನಕ್ಕೆ ತಂದ. ಮೊದಲ ಸಲವಾದ್ದರಿಂದ ದಂಡ ಹಾಕದೆ ಎಚ್ಚರಿಕೆ ಕೊಟ್ಟು ಬಿಟ್ಟ.

ಇರ್ಮಾ ಒಂದು ವಾರ ಹಲ್ಲು ಕಚ್ಚಿಕೊಂಡಿದ್ದಳು. ಆ ಒಂದು ವಾರದಲ್ಲಿ ಅಡೆಲ್ಮೊ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಮೆಟ್ಟಿಲು ಹತ್ತಿ ಇಳಿದ, ಗಡಿಯಾರಕ್ಕೆ ಕೀಲಿ ಕೊಟ್ಟ, ಕೊಟ್ಟ ಕೀಲಿ ಸಾಲದೇನೋ ಎಂದು ಮತ್ತೆ ಕೊಟ್ಟು ಗಡಿಯಾರವನ್ನೇ ನಿಲ್ಲಿಸಿದ. ಎಂಟನೆಯ ದಿನ ಇರ್ಮಾ ಅವನ ಕೋಟನ್ನು ಅವನ ಕೈಗೆ ತುರುಕಿದಳು.

"ಹೋಗು. ಬೀದೀಲಿ ಟ್ರಾಮಿಗೆ ಅಂತ ಅಗೀತಿದಾರೆ. ಊರಿನ ಮುದುಕರೆಲ್ಲ ಅಲ್ಲೇ ಇದಾರೆ. ನೀನೂ ನಿಂತ್ಕೊ."

"ನಾನು ಮುದುಕನಾ?"

"ಅಲ್ಲ. ಅದಕ್ಕೇ ಹೇಳ್ತಿರೋದು, ಹೋಗಿ ಕಲ್ಕೋ."

ಈ ಊರಿನಲ್ಲಿ ಇದು ಅವಮಾನದ ಮಾತಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಬೇಲಿಗೆ ಹೊಟ್ಟೆ ಆನಿಸಿ, ಗುಂಡಿ ತೋಡುವುದನ್ನು ಬೆಳಗಿನಿಂದ ಸಂಜೆವರೆಗೆ ನೋಡುವ ನಿವೃತ್ತರಿಗೆ ಇಲ್ಲಿ ಉಮಾರೆಲ್ ಎನ್ನುತ್ತಾರೆ. ಉಮಾರೆಲ್ ಆಗಲು ಅರ್ಜಿ ಹಾಕಬೇಕಾಗಿಲ್ಲ. ಆದರೆ ಹಿರಿತನ, ಕಿರಿತನ, ಶಿಸ್ತು ಎಲ್ಲ ಉಂಟು. ಕೋಟೆ ಬಾಗಿಲಿನ ಆಚೆಗಿನ ಆ ಬೀದಿಯಲ್ಲಿ ದೀಪದ ಕಂಬದ ಪಕ್ಕದ ಜಾಗ ಪ್ರಿಮೊ ಗಂಬೆರೀನಿಯದು. ಅವನು ಗಾರೆ ಕೆಲಸದಿಂದ ನಿವೃತ್ತನಾಗಿ ಹನ್ನೊಂದು ವರ್ಷವಾಗಿತ್ತು. ಅಷ್ಟರಲ್ಲಿ ನಾಲ್ಕು ಸೇತುವೆ, ಎರಡು ಚರಂಡಿ, ಒಂದು ಆಸ್ಪತ್ರೆ ಅವನ ಕಣ್ಣೆದುರಿಗೇ ಎದ್ದಿದ್ದವು, ಎಲ್ಲವೂ ಅವನ ಸಲಹೆಗೆ ವಿರುದ್ಧವಾಗಿ. ಹೊಸಬನಾದ ಅಡೆಲ್ಮೊನಿಗೆ ಕಸದ ತೊಟ್ಟಿಯ ಪಕ್ಕ ಜಾಗ ಸಿಕ್ಕಿತು.

ನವೆಂಬರ್ ಕೊನೆಯ ವಾರ ಯಂತ್ರದ ಬಾಯಿಗೆ ಹೆಂಚು ಸಿಕ್ಕಿತು. ಅಗಲವಾದ ಹಳೆಯ ಹೆಂಚುಗಳು, ಒಂದಕ್ಕೊಂದು ಒರಗಿಸಿ ಪುಟ್ಟ ಮನೆಯ ಸೂರಿನ ಹಾಗೆ ಸಾಲಾಗಿ ನಿಲ್ಲಿಸಿದವು.

"ಹಳೇ ಚರಂಡಿ," ಎಂದ ಪ್ರಿಮೊ.

"ಚರಂಡಿಯೇ," ಎಂದ ಅಡೆಲ್ಮೊ, ಕಸದ ತೊಟ್ಟಿಯ ಪಕ್ಕದಿಂದ.

ಕೆಲಸದವರು ಒಂದು ಹೆಂಚು ಸರಿಸಿದರು. ಒಳಗೆ ಎರಡು ಪಾದಗಳ ಎಲುಬು ಜೋಡಿಸಿಟ್ಟ ಹಾಗೆ ಮಲಗಿದ್ದವು. ಪ್ರಿಮೊ ಒಂದಿಷ್ಟೂ ವಿಚಲಿತನಾಗಲಿಲ್ಲ.

"ನೋಡು, ಚರಂಡೀಲಿ ಯಾರೋ ಬಿದ್ದಿದಾರೆ," ಎಂದ.

ಆ ಹೊತ್ತಿನಿಂದ ಯಂತ್ರ ನಿಂತಿತು. ಪುರಾತತ್ವದ ಡಾಕ್ಟರಮ್ಮ ಲೂಚಿಲ್ಲಾ ಪೆದ್ರೆಲ್ಲಿ ಬಂದಳು. ಡಿಗ್ರಿ ಇರುವವರನ್ನೆಲ್ಲ ಇಲ್ಲಿ ಡಾಕ್ಟರ್ ಎಂದೇ ಕರೆಯುವುದು, ಔಷಧಿ ಕೊಡದಿದ್ದರೂ ಸರಿ. ಮಂಡಿಗೆ ಕೆಸರು, ತಲೆಗೆ ಕಿತ್ತಳೆ ಬಣ್ಣದ ಹೆಲ್ಮೆಟ್ಟು, ಕೈಯಲ್ಲಿ ಪುಟ್ಟ ಕರಣೆ, ಜೇಬಿನಲ್ಲಿ ಬಣ್ಣದ ಕುಂಚ. ಅವಳು ಎರಡು ದಿನ ಕೆದಕಿ ನೋಡಿ ಹೇಳಿದಳು: ರೋಮನ್ನರ ಕಾಲದ ಗೋರಿ, ಸಾವಿರದ ಎಂಟುನೂರು ವರ್ಷ ಹಿಂದಿನದು. ಆಗ ಊರೊಳಗೆ ಯಾರನ್ನೂ ಹೂಳುತ್ತಿರಲಿಲ್ಲ, ಬಾಗಿಲ ಆಚೆ ರಸ್ತೆಯ ಬದಿಗೆ ಹೂಳುತ್ತಿದ್ದರು. ಒಳಗಿರುವುದು ಹೆಂಗಸು. ಬೇಲಿಯನ್ನು ಎರಡೂ ಕಡೆಗೆ ಎಂಟೆಂಟು ಮೀಟರ್ ಹಿಗ್ಗಿಸಬೇಕು.

ಹಿಗ್ಗಿಸಿದ ಬೇಲಿ ಹದಿನೇಳನೆಯ ನಂಬರಿನ ಅಂಗಡಿಯ ಬಾಗಿಲಿಗೆ ಒಂದು ಮೊಳ ದೂರದಲ್ಲಿ ಬಂದು ನಿಂತಿತು. ಆ ಅಂಗಡಿ ಇರ್ಮಾಳದು.

ಇರ್ಮಾ ತೊರ್ತೆಲ್ಲೀನಿ ಮಾಡುವವಳು. ಮೊಟ್ಟೆ ಹಾಕಿ ನಾದಿದ ಹಿಟ್ಟನ್ನು ಕಾಗದದಷ್ಟು ತೆಳ್ಳಗೆ ಲಟ್ಟಿಸಿ, ಚೌಕ ಕತ್ತರಿಸಿ, ಮಾಂಸದ ಹೂರಣ ಇಟ್ಟು, ಕಿರುಬೆರಳಿಗೆ ಸುತ್ತಿ ಮಡಚಿದ ಅದನ್ನು ಕೋಳಿ ಸಾರಿನಲ್ಲಿ ಬೇಯಿಸಿ ತಿನ್ನದಿದ್ದರೆ ಈ ಊರಿನವರಿಗೆ ಕ್ರಿಸ್ಮಸ್ ಬಂದ ಹಾಗೆಯೇ ಅಲ್ಲ. ಅವಳಿಗೆ ವರ್ಷವಿಡೀ ನಡೆಯುವುದು ವ್ಯಾಪಾರವಲ್ಲ, ಡಿಸೆಂಬರಿನ ಇಪ್ಪತ್ತು ದಿನದ್ದೇ ವ್ಯಾಪಾರ. ಈಗ ಅಂಗಡಿಗೆ ಬರಬೇಕೆಂದರೆ ಗೋಡೆಗೂ ಬೇಲಿಗೂ ನಡುವೆ ಅಡ್ಡ ತಿರುಗಿ ನುಸುಳಬೇಕು. ಅವಳ ಗಿರಾಕಿಗಳೋ ಅವಳ ಕೈಯದನ್ನೇ ತಿಂದು ಬೆಳೆದವರು, ಅಡ್ಡ ತಿರುಗಿದರೂ ಅಷ್ಟೇ ಅಗಲ.

ಹೀಗೆ ಒಂದೇ ಮನೆಯಲ್ಲಿ ಹೆಂಡತಿಯ ಹೊಟ್ಟೆಗೆ ಹೊಡೆದ ಗುಂಡಿ ಗಂಡನ ಮನಸ್ಸಿಗೆ ಹಬ್ಬವಾಗಿತ್ತು. ಅಡೆಲ್ಮೊ ಇದನ್ನು ಮುಚ್ಚಿಟ್ಟುಕೊಳ್ಳಲು ಕಷ್ಟಪಟ್ಟ. ಊಟದ ಮೇಜಿನಲ್ಲಿ "ಛೆ, ಛೆ" ಎನ್ನುತ್ತಿದ್ದ, ಚಮಚ ಕೆಳಗಿಟ್ಟ ಮರುಕ್ಷಣ ಕೋಟು ಹುಡುಕುತ್ತಿದ್ದ.

ಡಿಸೆಂಬರ್ ಮೂರರಂದು ಅವನ ಗ್ರಹಗತಿ ಬದಲಾಯಿತು. ಡಾಕ್ಟರಮ್ಮನ ಸಹಾಯಕಿಗೆ ಜ್ವರ. ಫೋಟೊ ತೆಗೆಯುವಾಗ ಅಳತೆ ಗೊತ್ತಾಗಲೆಂದು ಎಲುಬಿನ ಪಕ್ಕದಲ್ಲಿ ಒಂದು ಕಪ್ಪು ಬಿಳುಪು ಪಟ್ಟೆಯ ಕೋಲು ಹಿಡಿಯಬೇಕು. ಡಾಕ್ಟರಮ್ಮ ತಲೆ ಎತ್ತಿ ನೋಡಿದಳು. ಬೇಲಿಗೆ ಹತ್ತು ಹೊಟ್ಟೆಗಳು ಆನಿಕೊಂಡಿದ್ದವು. ಕಸದ ತೊಟ್ಟಿಯ ಪಕ್ಕ ಬೇಲಿಗೆ ಒಂದು ಸಂದು ಇತ್ತು.

"ಸ್ವಾಮಿ, ನೀವು. ಹೌದು, ನೀವೇ. ಒಂದು ನಿಮಿಷ ಕೈ ಒಳಗೆ ಹಾಕಿ ಇದನ್ನ ಹಿಡ್ಕೋತೀರಾ?"

ಅಡೆಲ್ಮೊ ಹಿಡಿದುಕೊಂಡ. ನಾಲ್ಕು ನಿಮಿಷ ಹಿಡಿದಿದ್ದ. ಉಸಿರು ಬಿಡದೆ ಹಿಡಿದಿದ್ದ. ದೀಪದ ಕಂಬದ ಪಕ್ಕ ಪ್ರಿಮೊ ಮೊದಲ ಸಲ ಬೆನ್ನ ಹಿಂದಿನ ಕೈ ಬಿಚ್ಚಿ ಕಿವಿ ಕೆರೆದುಕೊಂಡ.

ಆ ನಾಲ್ಕು ನಿಮಿಷ ಮೂಲೆಯ ಕಾಫಿ ಅಂಗಡಿಗೆ ತಲುಪುವಷ್ಟರಲ್ಲಿ ಒಂದು ಗಂಟೆಯಾಗಿತ್ತು, ಸಂಜೆಗೆ ಒಂದು ಹುದ್ದೆಯಾಗಿತ್ತು.

"ಅಳತೆ ವಿಭಾಗ ನನಗೆ ವಹಿಸಿದಾರೆ," ಎಂದು ಅಡೆಲ್ಮೊ ಕಾಫಿ ಕಲಕುತ್ತ ಹೇಳಿದ. "ನಾನಿಲ್ದೆ ಕೆಲಸ ಮುಂದೆ ಹೋಗಲ್ಲ."

"ಹಂಗಾದ್ರೆ ಎಷ್ಟು ದಿನ ನಡೆಯುತ್ತೆ ಇದು?" ಎಂದು ಪ್ರಿಮೊ ಕೇಳಿದ. ಆ ಪ್ರಶ್ನೆಯಲ್ಲಿ ಒಂದು ಚಳಿಗಾಲದ ಆಸೆ ಇತ್ತು. ಗುಂಡಿ ಮುಚ್ಚಿದರೆ ಬೇಲಿಯ ಹತ್ತೂ ಜನ ಮನೆಗೆ ಹೋಗಬೇಕು, ಮನೆಯಲ್ಲಿ ಹತ್ತೂ ಜನರ ಹೆಂಡತಿಯರಿದ್ದರು.

ಅಡೆಲ್ಮೊ ಕಣ್ಣು ಮುಚ್ಚಿ ಲೆಕ್ಕ ಹಾಕಿದವನಂತೆ ನಟಿಸಿದ. "ಈಸ್ಟರ್‌ವರೆಗೆ," ಎಂದ.

ಪ್ರಿಮೊ ಅವನ ಕಾಫಿಯ ದುಡ್ಡು ಕೊಟ್ಟ. ಮರುದಿನ ಅಡೆಲ್ಮೊನಿಗೆ ದೀಪದ ಕಂಬದ ಎಡಗಡೆ ಜಾಗ ಸಿಕ್ಕಿತು.

ಮನೆಯಲ್ಲಿ ಅದೇ ಸುದ್ದಿಯನ್ನು ಅವನು ಇನ್ನಷ್ಟು ಗಂಭೀರವಾಗಿ ಹೇಳಿದ. ಇರ್ಮಾ ಕೈ ಒರೆಸಿಕೊಳ್ಳುತ್ತ ಪೂರ್ತಿ ಕೇಳಿದಳು.

"ಅಂದ್ರೆ ಅವ್ರು ನಿನ್ನ ಮಾತು ಕೇಳ್ತಾರೆ."

"ಕೇಳದೇ ಏನು."

"ಸರಿ. ಸಾಂತಾ ಲೂಚಿಯಾ ಹಬ್ಬದೊಳಗೆ ಆ ಹೆಂಗಸನ್ನ ಅಲ್ಲಿಂದ ತೆಗೆಸು."

ಸಾಂತಾ ಲೂಚಿಯಾ ಹದಿಮೂರಕ್ಕೆ. ಉಳಿದದ್ದು ಹತ್ತೇ ದಿನ. ಆದರೆ ಮದುವೆಯಾದಂದಿನಿಂದ ಇರ್ಮಾ ಅವನನ್ನು ಹೀಗೆ, ಏನೋ ಆದೀತು ಎಂಬ ಕಣ್ಣಿನಿಂದ ನೋಡಿದ್ದು ಇದೇ ಮೊದಲು.

"ಆಯ್ತು ಅಂದ್ಕೋ," ಎಂದುಬಿಟ್ಟ.

ಇರ್ಮಾ ಆಯ್ತು ಅಂದುಕೊಂಡಳು. ಅಂದುಕೊಂಡವಳು ಬರಿದೆ ಕೂರಲಿಲ್ಲ. ಬೇಲಿಯ ಕಾಟಕ್ಕೆ ಬೇರೆ ಅಂಗಡಿ ಹಿಡಿದಿದ್ದ ಗಿರಾಕಿಗಳಿಗೆಲ್ಲ ಫೋನು ಮಾಡಿ, ಹದಿಮೂರಕ್ಕೆ ಬೀದಿ ತೆರೆಯುತ್ತೆ, ನನ್ನ ಗಂಡ ಅಲ್ಲೇ ಇದಾನೆ ಎಂದಳು. ಹೆಂಗಸರ ತಲೆಗೂದಲು ಸಿಂಗರಿಸುವ ಅಂಗಡಿಯ ದಿರ್ಚೆ ನಾಲ್ಕು ಕಿಲೊ ಬರೆಸಿದಳು. ಪಾದ್ರಿ ಡಾನ್ ಅಕಿಲ್ಲೆ ಚರ್ಚಿನ ಬಡವರ ಊಟಕ್ಕೆ ಹದಿನೈದು ಕಿಲೊ ಬರೆಸಿ, ಸ್ವಂತಕ್ಕೆ ಬೇರೆ ಎರಡು ಕಿಲೊ ಮೆಲ್ಲನೆ ಸೇರಿಸಿದ. ಅವಳ ಗೋಡೆಯ ಮೇಲಿನ ಹಾಳೆ ತುಂಬಿತು, ಇನ್ನೊಂದು ಹಾಳೆ ಅಂಟಿಸಿದಳು. ಅಡೆಲ್ಮೊ ಆ ಹಾಳೆಯ ಮುಂದೆ ಹೋಗುವಾಗ ಕಣ್ಣು ಬೇರೆ ಕಡೆ ತಿರುಗಿಸುತ್ತಿದ್ದ.

ಒಂಬತ್ತನೆಯ ತಾರೀಖು ಅವನು ಧೈರ್ಯ ಮಾಡಿ ಬೇಲಿಯ ಸಂದಿನಲ್ಲಿ ಮುಖ ತೂರಿಸಿದ.

"ಡಾಕ್ಟರಮ್ಮಾ, ಇವ್ರನ್ನ ಯಾವಾಗ ಎತ್ತೋದು?"

"ಇವತ್ತೇ ಎತ್ತಬಹುದಿತ್ತು," ಎಂದು ಡಾಕ್ಟರಮ್ಮ ಹಣೆ ಒರೆಸಿಕೊಂಡಳು. "ಎಲುಬು ಟೀಯಲ್ಲಿ ಅದ್ದಿದ ಬಿಸ್ಕತ್ತಿನ ಹಾಗಾಗಿವೆ. ಒಂದೊಂದಾಗಿ ಎತ್ತಿದ್ರೆ ಪುಡಿಪುಡಿ. ಮಣ್ಣಿನ ಸಮೇತ ಇಡೀ ಗಟ್ಟಿ ಕತ್ತರಿಸಿ, ಅಡಿಗೆ ಹಲಗೆ ತೂರಿಸಿ ಎತ್ತಬೇಕು. ಹಲಗೆ ಕೇಳಿ ಬರೆದು ಹತ್ತು ದಿನ ಆಯ್ತು. ಹಬ್ಬ ಮುಗಿದ ಮೇಲೆ ಕಳಿಸ್ತಾರಂತೆ."

"ಎಂಥ ಹಲಗೆ?"

"ಒಂದೂಮುಕ್ಕಾಲು ಮೀಟರ್ ಉದ್ದ, ಒಂದು ಮೀಟರ್ ಅಗಲ. ಗಂಟು ಇರಬಾರದು, ಬಾಗಬಾರದು, ಹಳೇ ಒಣಗಿದ ಮರ ಆಗ್ಬೇಕು. ನುಣ್ಣಗಿರಬೇಕು. ಅಂಥದ್ದು ಎಲ್ಲಿ ಸಿಗುತ್ತೆ ಈಗ?"

ಅಡೆಲ್ಮೊನಿಗೆ ಗೊತ್ತಿತ್ತು.

ಇರ್ಮಾ ಹಿಟ್ಟು ಲಟ್ಟಿಸುವ ಮಣೆಯ ವಿಷಯ ಇಲ್ಲಿ ಹೇಳಲೇಬೇಕು. ಅದು ಅವಳ ಅಜ್ಜಿಯದು. ಆಳುದ್ದದ, ನಾಲ್ಕು ಬೆರಳು ದಪ್ಪದ ಒಂದೇ ಮರ. ಅದಕ್ಕೆ ನೀರು ಮುಟ್ಟಿಸುವಂತಿಲ್ಲ, ಚಾಕು ತಾಗಿಸುವಂತಿಲ್ಲ, ದಿನಾ ಸಂಜೆ ಒಣ ಬಟ್ಟೆಯಲ್ಲಿ ಒರೆಸಿ ಮೇಲೆ ಬಿಳಿ ಬಟ್ಟೆ ಹೊದಿಸಬೇಕು. ಹಿಟ್ಟಿನ ಹಾಳೆ ಆ ಮರದ ಮೇಲೆ ಮಾತ್ರ ಸರಿಯಾಗಿ ಬರುತ್ತದೆಂದು ಇರ್ಮಾಳ ನಂಬಿಕೆ, ಊರಿನದೂ ಅದೇ. ಮದುವೆಯಾದ ಹೊಸತರಲ್ಲಿ ಅಡೆಲ್ಮೊ ಟಿಕೆಟ್ಟಿಗೆ ತೂತು ಹಾಕುವ ಇಕ್ಕಳವನ್ನು ಮರೆತು ಅದರ ಮೇಲಿಟ್ಟಿದ್ದ. ಇರ್ಮಾ ಎರಡು ದಿನ ಅವನ ಜೊತೆ ಮಾತಾಡಿರಲಿಲ್ಲ, ಮೂರನೆಯ ದಿನ ಮಾತಾಡಿದ್ದು ನೆನೆದರೆ ಆ ಎರಡು ದಿನವೇ ಸುಖವಾಗಿತ್ತು.

"ನನ್ನ ಹತ್ರ ಇದೆ ಅಂಥದ್ದು," ಎಂದಿತು ಅವನ ಬಾಯಿ. ತಲೆಯನ್ನು ಕೇಳದೆ ಮಾತಾಡುವುದು ಆ ಬಾಯಿಗೆ ಈಗ ಅಭ್ಯಾಸವಾಗಿತ್ತು.

"ನಿಜವಾಗ್ಲೂ? ಯಾರದ್ದು?"

"ಮನೇದೇ."

"ವಾಪಸ್ಸು ಬೇಕಾಗುತ್ತಾ?"

ಸಭ್ಯ ಮನುಷ್ಯ ಇಂಥ ಪ್ರಶ್ನೆಗೆ ಏನು ಹೇಳಬೇಕೋ ಅದನ್ನೇ ಅಡೆಲ್ಮೊ ಹೇಳಿದ. "ಅಯ್ಯೋ, ಅವಸರ ಏನಿಲ್ಲ, ನಿಧಾನವಾಗಿ ಕೊಡಿ." ಮನಸ್ಸಿನಲ್ಲಿದ್ದ ಅರ್ಥ, ಒಯ್ದ ದಿನವೇ ಸಂಜೆ ಆರು ಗಂಟೆ. ಅಷ್ಟರಲ್ಲಿ ಹೆಂಗಸನ್ನು ಎತ್ತಿ, ವ್ಯಾನಿಗೆ ಸೇರಿಸಿ, ಮಣೆಯನ್ನು ಒಣ ಬಟ್ಟೆಯಲ್ಲಿ ಒರೆಸಿ, ಇದ್ದಲ್ಲೇ ಇಟ್ಟರೆ ಯಾರಿಗೆ ಗೊತ್ತಾಗಬೇಕು? ಸಾವಿರದ ಎಂಟುನೂರು ವರ್ಷ ಮಣ್ಣಿನಲ್ಲಿದ್ದು ತೊಳೆದ ಹಾಗಾಗಿರುವ ಹೆಂಗಸು. ಅವಳಿಂದ ಏನು ಮೈಲಿಗೆ?

ಹನ್ನೊಂದನೆಯ ತಾರೀಖು ಗುರುವಾರ. ಗುರುವಾರ ಮಧ್ಯಾಹ್ನ ಅಂಗಡಿಗೆ ರಜ. ಡಿಸೆಂಬರಿನಲ್ಲಿ ಯಾರೂ ರಜ ಮಾಡುವುದಿಲ್ಲ, ಆದರೆ ಹದಿಮೂರರ ನಂತರ ತಲೆ ಬಾಚಿಕೊಳ್ಳಲೂ ಪುರುಸೊತ್ತು ಇರುವುದಿಲ್ಲವೆಂದು ಇರ್ಮಾ ದಿರ್ಚೆಯ ಅಂಗಡಿಗೆ ಕೂದಲು ಸುರುಳಿ ಮಾಡಿಸಿಕೊಳ್ಳಲು ಹೋದಳು.

ಮಣೆ ಹೊರಲು ಇನ್ನೊಬ್ಬ ಬೇಕಿತ್ತು. ಪ್ರಿಮೊ ಕೇಳಿದ ಕೂಡಲೇ ಮುಖ ತಿರುಗಿಸಿದ.

"ಈಸ್ಟರ್‌ವರೆಗೆ ಅಂದಿದ್ದೆ. ಈಗ ನೀನೇ ಎತ್ತಿಸ್ತೀಯಾ? ನಾಚಿಕೆ ಆಗಲ್ವಾ?"

"ಪ್ರಿಮೊ, ಮಣೆ ಹೊತ್ಕೊಂಡು ಹೋಗೋರು ಬೇಲಿ ಒಳಗೆ ಹೋಗ್ಬೇಕು."

ಪ್ರಿಮೊ ಅಲ್ಲಾಡಲಿಲ್ಲ. ಆದರೆ ಕಣ್ಣುರೆಪ್ಪೆ ಒಂದು ಸಲ ಬಡಿಯಿತು.

"ಒಳಗೆ?"

"ಒಳಗೆ. ಹೆಲ್ಮೆಟ್ ಕೊಡ್ತಾರೆ."

ಹನ್ನೊಂದು ವರ್ಷ, ನಾಲ್ಕು ಸೇತುವೆ, ಎರಡು ಚರಂಡಿ, ಒಂದು ಆಸ್ಪತ್ರೆ, ಎಲ್ಲವನ್ನೂ ಹೊರಗಿನಿಂದಲೇ ನೋಡಿದ ಮನುಷ್ಯ. ಅವನು ಕೈ ಬಿಚ್ಚಿ, "ಯಾವ ತುದಿ ಹಿಡೀಲಿ?" ಎಂದ.

ಇಬ್ಬರೂ ಬಿಳಿ ಬಟ್ಟೆ ಹೊದಿಸಿದ ಮಣೆಯನ್ನು ಹಿಂಬಾಗಿಲಿನಿಂದ ಹೊತ್ತುಕೊಂಡು, ಕಾಲುದಾರಿಯ ಕಮಾನುಗಳ ನೆರಳಿನಲ್ಲಿ ಬೀದಿ ಸುತ್ತಿ ಹೊರಟರು. ಮನುಷ್ಯನುದ್ದದ ಭಾರವಾದದ್ದೇನನ್ನೋ ಬಿಳಿ ಬಟ್ಟೆ ಮುಚ್ಚಿ, ಇಬ್ಬರು ಮುದುಕರು ಏದುಸಿರು ಬಿಡುತ್ತ, ತಲೆ ತಗ್ಗಿಸಿಕೊಂಡು ಇರ್ಮಾಳ ಅಂಗಡಿಯಿಂದ ಹೊರಗೆ ಒಯ್ಯುತ್ತಿದ್ದರೆ ನೋಡಿದವರು ಏನೆಂದುಕೊಳ್ಳಬೇಕು? ಅಡೆಲ್ಮೊನಿಗೆ ಅದು ಹೊಳೆಯಲೇ ಇಲ್ಲ. ಔಷಧಿ ಅಂಗಡಿಯವನು ಟೋಪಿ ತೆಗೆದಾಗ ಇವನೂ ತಲೆಯಾಡಿಸಿ ವಂದಿಸಿದ.

ಇತ್ತ ದಿರ್ಚೆಯ ಅಂಗಡಿಯಲ್ಲಿ ಇರ್ಮಾ ತಲೆಯ ತುಂಬ ಸುರುಳಿ ಕಟ್ಟಿಸಿಕೊಂಡು, ಕೂದಲು ಒಣಗಿಸುವ ಬುಟ್ಟಿಯೊಳಗೆ ತಲೆಯಿಟ್ಟು ಕಣ್ಣು ಮುಚ್ಚಿದ್ದಳು. ಮೊದಲು ಒಳಬಂದ ಹೆಂಗಸು, ಇರ್ಮಾ ಅಂಗಡಿ ಮುಚ್ಚುತ್ತಿದ್ದಾಳಂತೆ, ಸಾಮಾನು ಸಾಗಿಸುತ್ತಿದ್ದಾರೆ ಎಂದಳು. ಎರಡನೆಯವಳು, ಅಂಗಡಿಯಲ್ಲ, ಪಾಪ ಆಕೆಯೇ ಹೋದಳಂತೆ, ಗಂಡನೇ ಹೊತ್ತುಕೊಂಡು ಹೋಗುತ್ತಿದ್ದಾನೆ, ಹಣ ಉಳಿಸಲಿಕ್ಕೆ, ಎಂದಳು. ಮೂರನೆಯವನಾಗಿ ಪಾದ್ರಿ ಡಾನ್ ಅಕಿಲ್ಲೆ ಓಡಿಬಂದ.

"ದಿರ್ಚೆ, ಇರ್ಮಾ ಸುದ್ದಿ ನಿಜವೇನಮ್ಮಾ? ದೇವರು ಆಕೆಯ ಆತ್ಮಕ್ಕೆ ಶಾಂತಿ ಕೊಡಲಿ. ಹದಿನೇಳು ಕಿಲೊ ಬರೆಸಿದ್ದೆ."

ಬುಟ್ಟಿಯೊಳಗಿನಿಂದ ದನಿ ಬಂತು. "ನಿಮ್ಮ ಎರಡು ಕಿಲೊ ಈಗ್ಲೇ ಹೊಡೆದುಹಾಕಿದೆ, ಫಾದರ್. ಏನಾಯ್ತು ನನಗೆ?"

ಪಾದ್ರಿ ಶಿಲುಬೆಯ ಗುರುತು ಹಾಕಿಕೊಂಡ. ಎರಡನೆಯ ಹೆಂಗಸು ಕುರ್ಚಿ ಹಿಡಿದುಕೊಂಡಳು. ನಂತರ ಎಲ್ಲರೂ ಒಟ್ಟಿಗೆ ಮಾತಾಡಿದರು. ಬಿಳಿ ಬಟ್ಟೆ, ಉದ್ದ, ಅಗಲ, ಭಾರ, ಅಡೆಲ್ಮೊ. ಇರ್ಮಾ ಅಷ್ಟನ್ನೂ ಒಂದಕ್ಕೊಂದು ಕೂಡಿಸಿದಳು. ಕೂಡಿಸಿದವಳು ದಿರ್ಚೆಯ ಗುಲಾಬಿ ಏಪ್ರನ್ನಿನಲ್ಲೇ, ತಲೆಯ ಸುರುಳಿಗಳ ಸಮೇತ, ಬೀದಿಗೆ ಇಳಿದಳು. ಹಿಂದೆ ದಿರ್ಚೆ, ದಿರ್ಚೆಯ ಹಿಂದೆ ಅರ್ಧ ಬಣ್ಣ ಬಳಿದ ತಲೆಗಳು, ಕೊನೆಯಲ್ಲಿ ನಿಲುವಂಗಿ ಎತ್ತಿ ಹಿಡಿದ ಪಾದ್ರಿ.

ಗುಂಡಿಯಲ್ಲಿ ಆಗ ಅಡೆಲ್ಮೊನ ಬದುಕಿನ ಅತಿ ದೊಡ್ಡ ಗಳಿಗೆ ನಡೆಯುತ್ತಿತ್ತು. ಮಣ್ಣಿನ ಗಟ್ಟಿಯ ಅಡಿಗೆ ಮಣೆ ತೂರಿಸಿಯಾಗಿತ್ತು. ಬಟ್ಟೆಪಟ್ಟಿ ಸುತ್ತಿ, ಯಂತ್ರದ ಕೈಗೆ ಬಿಗಿದು, ರೋಮನ್ ಹೆಂಗಸು ಇಂಚಿಂಚಾಗಿ ನೆಲದಿಂದ ಮೇಲೇಳುತ್ತಿದ್ದಳು. ಅಡೆಲ್ಮೊ ಒಂದು ಮೂಲೆ ಹಿಡಿದಿದ್ದ, ಪ್ರಿಮೊ ಇನ್ನೊಂದು ಮೂಲೆ. ಇಬ್ಬರ ತಲೆಯ ಮೇಲೂ ಹೆಲ್ಮೆಟ್ಟು. ಬೇಲಿಯ ಹೊರಗೆ ಉಳಿದ ಎಂಟು ಮಂದಿ ಹೊಟ್ಟೆಕಿಚ್ಚಿನಿಂದ ನೋಡುತ್ತಿದ್ದರು.

"ಅದು ನನ್ನ ಮಣೆ."

ಯಂತ್ರ ನಿಂತಿತು. ಹೆಂಗಸು ಗಾಳಿಯಲ್ಲಿ, ಮೊಣಕಾಲೆತ್ತರದಲ್ಲಿ ನಿಂತಳು.

"ಯಾವುದು?" ಎಂದ ಅಡೆಲ್ಮೊ.

"ಅಡೆಲ್ಮೊ!"

"ಆರು ಗಂಟೆಗೆ ವಾಪಸ್ ಬರುತ್ತೆ, ಇರ್ಮಾ. ಒರೆಸಿ ಇಡ್ತೀನಿ. ನಿನಗೋಸ್ಕರಾನೇ ಮಾಡಿದ್ದು. ಬೀದಿ ತೆಗೆಸು ಅಂದಿದ್ದೆಯಲ್ಲ, ನಾಡಿದ್ದು ಬೇಲಿ ಕೀಳ್ತಾರೆ."

ಡಾಕ್ಟರಮ್ಮ ಗುಂಡಿಯಿಂದ ತಲೆ ಎತ್ತಿದಳು. "ಆರು ಗಂಟೆಗಾ? ಆಗಲ್ಲ ಸ್ವಾಮಿ. ಮಣ್ಣು ನಿಧಾನವಾಗಿ ಒಣಗಬೇಕು. ಮೂರು ನಾಲ್ಕು ತಿಂಗಳು ಇವರನ್ನ ಈ ಹಲಗೆಯಿಂದ ಅಲುಗಿಸೋ ಹಾಗೇ ಇಲ್ಲ. ಅವಸರ ಇಲ್ಲ ಅಂದ್ರಲ್ಲ? ಈಸ್ಟರ್ ಹೊತ್ತಿಗೆ ಕೊಡಬಹುದು."

"ಈಸ್ಟರ್‌ವರೆಗೆ ಅಂತ ಇವನು ಮೊದಲೇ ಹೇಳಿದ್ದ," ಎಂದು ಪ್ರಿಮೊ ಸಾಕ್ಷಿ ನುಡಿದ. ಅವನ ದನಿಯಲ್ಲಿ ಹೆಮ್ಮೆಯಿತ್ತು. "ಸಾಮಾನ್ಯದವನಲ್ಲ."

ಹೀಗೆ ಅಡೆಲ್ಮೊ ಕೊಟ್ಟ ಎರಡೂ ಮಾತು ಒಂದೇ ಗಳಿಗೆಯಲ್ಲಿ ನಿಜವಾದವು. ಸಾಂತಾ ಲೂಚಿಯಾದೊಳಗೆ ಹೆಂಗಸು ಬೀದಿಯಿಂದ ಎದ್ದಿದ್ದಳು. ಈಸ್ಟರ್‌ವರೆಗೆ ಇರ್ಮಾಳ ಮಣೆಯ ಮೇಲಿಂದ ಏಳುವವಳಲ್ಲ. ಬೀದಿ ತೆರೆಯುತ್ತದೆ, ಗಿರಾಕಿಗಳು ಬರುತ್ತಾರೆ, ಎರಡು ಹಾಳೆ ತುಂಬ ಬರೆಸಿದವರು ಬರುತ್ತಾರೆ, ಅಂಗಡಿಯಲ್ಲಿ ಲಟ್ಟಣಿಗೆ ಇರುತ್ತದೆ, ಅದರಡಿಗೆ ಇಡಲು ಏನೂ ಇರುವುದಿಲ್ಲ. ಇದು ಅಡೆಲ್ಮೊನಿಗೆ ಈಗ ಅರ್ಥವಾಯಿತು. ಹೆಲ್ಮೆಟ್ಟು ತಲೆಗೆ ದೊಡ್ಡದಾದ ಹಾಗೆ ಅನಿಸಿತು.

"ಇಳಿಸಿ," ಎಂದಳು ಇರ್ಮಾ, ಯಂತ್ರದವನಿಗೆ. "ಮೂರು ತಲೆಮಾರಿನ ಅನ್ನ ಅದು. ಇಳಿಸಿ ಅಂದೆ."

ಯಂತ್ರದವನು ಡಾಕ್ಟರಮ್ಮನನ್ನು ನೋಡಿದ, ಇರ್ಮಾಳನ್ನು ನೋಡಿದ. ಅವನ ಕೈ ಇಳಿಸುವ ಹಿಡಿಯ ಕಡೆಗೇ ಹೋಯಿತು.

"ಸಿನ್ಯೋರಾ, ಇಳಿಸಿದ್ರೆ ಒಡೆದುಹೋಗ್ತಾರೆ," ಎಂದು ಡಾಕ್ಟರಮ್ಮ ಬೇಡಿಕೊಂಡಳು. "ಒಂದು ನಿಮಿಷ ಇಲ್ಲಿ ಬಂದು ನೋಡಿ. ಆಮೇಲೆ ನೀವು ಹೇಳಿದ ಹಾಗೆ."

ಇರ್ಮಾ ಏಪ್ರನ್ ಎತ್ತಿಕೊಂಡು ಗುಂಡಿಗೆ ಇಳಿದಳು. ಡಾಕ್ಟರಮ್ಮ ಬಟ್ಟೆಪಟ್ಟಿಯ ಅಂಚನ್ನು ಸ್ವಲ್ಪ ಸರಿಸಿ, ಕುಂಚದ ತುದಿಯಿಂದ ತೋರಿಸಿದಳು.

"ವಯಸ್ಸು ಅರುವತ್ತರ ಹತ್ತಿರ. ಈ ಹೆಬ್ಬೆರಳಿನ ಬುಡ ನೋಡಿ, ಎಲುಬಿಗೆ ಎಲುಬು ಉಜ್ಜಿ ಕನ್ನಡಿ ಹಾಗೆ ನುಣ್ಣಗಾಗಿದೆ. ಎರಡೂ ಕೈಯಲ್ಲೂ. ಮಣಿಕಟ್ಟು ಸವೆದಿದೆ. ಕತ್ತಿನ ಹಿಂದೆ ನೋಡಿ, ಬಗ್ಗಿ ಬಗ್ಗಿ ಹೀಗಾಗಿದೆ. ಎರಡೂ ಕೈಯಿಂದ ಒತ್ತೋ ಕೆಲಸ, ನಲವತ್ತು ವರ್ಷ ಮಾಡಿರ್ಬೇಕು. ಏನು ಕೆಲಸ ಅಂತ ನಾವು ಹೇಳಕ್ಕಾಗಲ್ಲ."

"ನೀವು ಹೇಳಕ್ಕಾಗಲ್ಲ," ಎಂದಳು ಇರ್ಮಾ.

ಅವಳು ಮಂಡಿಯೂರಿ ತನ್ನ ಬಲಗೈ ಚಾಚಿ, ಮುಟ್ಟದೆ, ಆ ಕೈಯ ಪಕ್ಕದಲ್ಲಿ ಹಿಡಿದಳು. ಇರ್ಮಾಳ ಹೆಬ್ಬೆರಳಿನ ಬುಡದಲ್ಲೂ ಊದಿಕೊಂಡ ಗಂಟು ಇತ್ತು. ಅಡೆಲ್ಮೊ ಆ ಗಂಟನ್ನು ದಿನಾ ನೋಡುತ್ತಿದ್ದ, ಯಾವತ್ತೂ ನೋಡಿರಲಿಲ್ಲ.

"ಚಳಿಗಾಲದಲ್ಲಿ ಬೆಳಿಗ್ಗೆ ಈ ಕೈ ಮುಷ್ಟಿ ಕಟ್ಟಕ್ಕೆ ಬರಲ್ಲ," ಎಂದಳು. ಯಾರಿಗೆ ಹೇಳಿದಳೋ ಗೊತ್ತಾಗಲಿಲ್ಲ. "ಬಿಸಿನೀರಲ್ಲಿ ಇಟ್ಕೋಬೇಕು. ಆಗ ಸ್ವಲ್ಪ ಬಿಡುತ್ತೆ."

ಬೇಲಿಯ ಆಚೆ ಅರ್ಧ ಬಣ್ಣದ ತಲೆಯ ಹೆಂಗಸರು ತಮ್ಮ ತಮ್ಮ ಕೈ ನೋಡಿಕೊಂಡರು.

"ಈಕೆಗೆ ಗಂಡ ಇದ್ದನಾ?"

"ಅದು ಎಲುಬಿನಿಂದ ಗೊತ್ತಾಗಲ್ಲ, ಸಿನ್ಯೋರಾ."

"ಇದ್ದ," ಎಂದಳು ಇರ್ಮಾ. "ಇದ್ದ. ಬೇಲಿ ಹತ್ರ ಕೈ ಕಟ್ಕೊಂಡು ನಿಂತಿದ್ದ."

ಅಡೆಲ್ಮೊ ಬೆನ್ನ ಹಿಂದೆ ಹೋಗಿದ್ದ ಕೈಯನ್ನು ಗಡಬಡಿಸಿ ಮುಂದಕ್ಕೆ ತಂದ. ಮುಂದಕ್ಕೆ ತಂದ ಕೈಯನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಅವನಿಗೆ ನಾಚಿಕೆಯಾಗಿತ್ತು. ಜೀವಮಾನದಲ್ಲಿ ಟಿಕೆಟ್ಟಿಲ್ಲದೆ ಸಿಕ್ಕಿಬಿದ್ದವರ ಮುಖಗಳೆಲ್ಲ ಒಮ್ಮೆಲೇ ನೆನಪಾದವು.

ಇರ್ಮಾ ಎದ್ದು ನಿಂತು ಮಂಡಿಯ ಕೆಸರು ಕೊಡವಿದಳು.

"ಎತ್ತಿ. ನಿಧಾನವಾಗಿ ಎತ್ತಿ. ಈಸ್ಟರ್‌ವರೆಗೆ ಈಯಮ್ಮನ್ನ ಯಾರೂ ಎಬ್ಬಿಸ್ಬೇಡಿ, ಸಾಕಷ್ಟು ದುಡಿದಿದಾಳೆ. ಮಣೆಗೆ ನೀರು ಮಾತ್ರ ಮುಟ್ಟಿಸ್ಬೇಡಿ." ಆಮೇಲೆ ಗಂಡನ ಕಡೆ ತಿರುಗಿದಳು. "ನೀನು ಬಾ."

"ಹೆಲ್ಮೆಟ್ ವಾಪಸ್..."

"ಹಾಕ್ಕೊಂಡೇ ಬಾ. ಬೇಕಾಗುತ್ತೆ."

ಆ ಸಂಜೆ ಅವರ ಮಲಗುವ ಕೋಣೆಯ ಅಕ್ರೋಟು ಮರದ ಬಾಗಿಲು ತಿರುಗಣಿಯಿಂದ ಬಿಚ್ಚಿಕೊಂಡಿತು. ಪ್ರಿಮೊ ತಪ್ಪಿನ ಪಾಲುದಾರನಾದ್ದರಿಂದ ಮರುದಿನವೆಲ್ಲ ಕೂತು ಅದನ್ನು ಉಜ್ಜಿ ಉಜ್ಜಿ ನುಣುಪು ಮಾಡಿದ. ಬಾಗಿಲಿನ ಹಿಡಿಯ ತೂತಿಗೆ ಬಿರಡೆ ಹಾಕಿದರು. ಇರ್ಮಾ ಅದರ ಮೇಲೆ ಒಂದು ಹಾಳೆ ಲಟ್ಟಿಸಿ ನೋಡಿ, ಅಜ್ಜಿ ಬದುಕಿದ್ದರೆ ಸಾಯುತ್ತಿದ್ದಳು, ಆದರೂ ನಡೆಯುತ್ತೆ, ಎಂದಳು.

"ನಾನು ಲಟ್ಟಿಸ್ತೀನಿ," ಎಂದಳು. "ಮಡಚೋದು ನೀನು. ಮೂವತ್ತೆಂಟು ವರ್ಷ ಟಿಕೆಟ್ಟಿಗೆ ತೂತು ಹಾಕಿದೀಯ, ಹೆಬ್ಬೆರಳಲ್ಲಿ ಶಕ್ತಿ ಇರುತ್ತೆ."

ಅಡೆಲ್ಮೊ ಮಡಚಿದ ಮೊದಲನೆಯದು ಬಸ್ಸಿನಡಿಗೆ ಸಿಕ್ಕ ಹಾಗಿತ್ತು. ಎರಡನೆಯದು ಬಾಯಿ ಬಿಟ್ಟುಕೊಂಡಿತ್ತು. ಐವತ್ತನೆಯದು ಸುಮಾರಾಗಿ ತೊರ್ತೆಲ್ಲೀನಿಯಂತೆ ಕಂಡಿತು, ಇರ್ಮಾ ಅದನ್ನು ಬೆಳಕಿಗೆ ಹಿಡಿದು ನೋಡಿ ತಟ್ಟೆಗೆ ಹಾಕಿದಳು. ರಾತ್ರಿ ಊಟಕ್ಕೆ ಕೂತಾಗ ಅವನ ಹೆಬ್ಬೆರಳು ಚಮಚ ಹಿಡಿಯಲು ಒಪ್ಪಲಿಲ್ಲ. ಅವನು ಎದ್ದು ಪಾತ್ರೆಯಲ್ಲಿ ನೀರು ಬಿಸಿ ಮಾಡಿ, ಮೊದಲು ಅವಳ ಮುಂದೆ ಇಟ್ಟ.

ಟ್ರಾಮಿನ ಕೆಲಸ ಹಬ್ಬ ಮುಗಿದ ಮೇಲೆ ಎಂದು ಸಾಂತಾ ಲೂಚಿಯಾದ ಬೆಳಿಗ್ಗೆ ಗುಂಡಿ ಮುಚ್ಚಿ ಬೇಲಿ ಕಿತ್ತರು. ರೋಮನ್ ಹೆಂಗಸು ಇರ್ಮಾಳ ಮಣೆಯ ಮೇಲೆ ಮಲಗಿರುವ ಸುದ್ದಿ ಅಷ್ಟರಲ್ಲಿ ಊರಿಡೀ ಸುತ್ತಿತ್ತು. ಯಾರೋ ಅದನ್ನು ಕೇಳಿ ಅಸಹ್ಯಪಟ್ಟರೆಂದೂ ಹೇಳುತ್ತಾರೆ, ಆದರೆ ಅವರೂ ಬಂದು ಸಾಲಿನಲ್ಲಿ ನಿಂತರು. ದಿರ್ಚೆ ನಾಲ್ಕು ಕಿಲೊವನ್ನು ಆರು ಮಾಡಿದಳು. ಡಾನ್ ಅಕಿಲ್ಲೆ ಕ್ಷಮಾಪಣೆ ಕೇಳಿ ತನ್ನ ಎರಡು ಕಿಲೊವನ್ನು ಮತ್ತೆ ಬರೆಸಿಕೊಂಡ, ಬಡವರ ಹೆಸರಿನಲ್ಲಿ.

ಕಷ್ಟಕ್ಕೆ ಬಿದ್ದವರು ಬೇಲಿಯ ಗಂಡಸರು. ನೋಡಲು ಗುಂಡಿಯಿಲ್ಲ. ಬೆಳಗಿನಿಂದ ಅವರು ಬೀದಿಯ ಆ ತುದಿಗೆ ಹೋದರು, ಈ ತುದಿಗೆ ಬಂದರು, ದೀಪದ ಕಂಬದ ಹತ್ತಿರ ನಿಂತು ಹೊಸ ಟಾರನ್ನು ನೋಡಿದರು. ಟಾರು ಏನೂ ಮಾಡುತ್ತಿರಲಿಲ್ಲ. ಹನ್ನೊಂದು ಗಂಟೆಯ ಸುಮಾರಿಗೆ ಪ್ರಿಮೊನ ಕಣ್ಣು ಇರ್ಮಾಳ ಅಂಗಡಿಯ ಗಾಜಿನ ಕಡೆ ಹೋಯಿತು.

ಅಡೆಲ್ಮೊ ತಲೆ ತಗ್ಗಿಸಿ ಮಡಚುತ್ತಿದ್ದ. ಬೆಳಕು ಕಡಿಮೆಯಾದಂತೆ ಅನಿಸಿ ತಲೆ ಎತ್ತಿದರೆ, ಗಾಜಿಗೆ ಒಂಬತ್ತು ಹೊಟ್ಟೆಗಳು ಆನಿಕೊಂಡಿದ್ದವು. ಒಂಬತ್ತು ಜೊತೆ ಕೈಗಳು ಬೆನ್ನ ಹಿಂದಿದ್ದವು. ನಡುವೆ, ಅತ್ಯುತ್ತಮ ಜಾಗದಲ್ಲಿ, ಪ್ರಿಮೊ.

"ತುದಿ ಕೂಡಿಲ್ಲ," ಎಂದ ಪ್ರಿಮೊ, ಗಾಜಿನ ಹೊರಗಿನಿಂದ.

"ಹೂರಣ ಜಾಸ್ತಿ," ಎಂದ ಇನ್ನೊಬ್ಬ.

"ಕಿರುಬೆರಳು ತಪ್ಪು ಕೋನದಲ್ಲಿದೆ. ನಾನು ಮೊದಲೇ ಹೇಳಿದ್ದೆ."

ಅಡೆಲ್ಮೊ ಒಂದು ಗಂಟೆ ತಡೆದುಕೊಂಡ. ಎರಡು ಗಂಟೆ ತಡೆದುಕೊಂಡ. ಕೊನೆಗೆ ಕೈಯ ಹಿಟ್ಟು ಕೊಡವಿ, ಎದ್ದುಹೋಗಿ ಬಾಗಿಲು ತೆರೆದ.

"ಎಷ್ಟು ದಿನ ನಿಂತಿರ್ತೀರಾ ಹೀಗೆ?"

ಪ್ರಿಮೊನಿಗೆ ಆಶ್ಚರ್ಯವಾಯಿತು.

"ಈಸ್ಟರ್‌ವರೆಗೆ ಅಂತ ನೀನೇ ಹೇಳಿದ್ಯಲ್ಲಯ್ಯಾ," ಎಂದ.